ಸಂತೆಬೆನ್ನೂರಿನ ಹೊಂಡ ಮತ್ತು ಅದರ ಪಕ್ಕದ ಖಾಲಿ ಕಟ್ಟಡ



ಇತಿಹಾಸ ಎಂದ ಕೂಡಲೇ ನಮ್ಮ ಮನಸ್ಸು ಹಂಪಿಗೋ ಹಳೇಬೀಡಿಗೋ ಓಡುತ್ತದೆ. ನಮ್ಮ ಮನೆ ಇರುವುದು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ. ಒಂದು ಸಂಜೆ ಪಕ್ಕದ ಮನೆಯ ಹುಡುಗಿ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಹತ್ತನೆಯ ತರಗತಿಯ ಹುಡುಗಿ. ಶಾಲೆಯಲ್ಲಿ ಸ್ಥಳೀಯ ಇತಿಹಾಸದ ಬಗ್ಗೆ ಬರೆದು ತರಲು ಹೇಳಿದ್ದರಂತೆ. "ಅಂಕಲ್, ನಮ್ಮ ಕಡೆ ಬರೆಯೋಕೆ ಏನಿದೆ? ಎಲ್ಲರೂ ಹಂಪಿ ಬರೀತಿದ್ದಾರೆ, ನಾನೂ ಅದನ್ನೇ ಬರೆದುಬಿಡ್ಲಾ?" ಎಂದು ಕೇಳಿದಳು.

ನಾನು ಓದಿದ್ದು ವಿಜ್ಞಾನ. ದೂರದರ್ಶನದ ಕಾರ್ಯಕ್ರಮಗಳನ್ನು ತಯಾರಿಸುವ ಕೆಲಸಕ್ಕೆ ಸೇರಿದ ಮೇಲೆ ಊರೂರು ಸುತ್ತುವ ಅವಕಾಶ ದೊರೆಯಿತು, ಇತಿಹಾಸದ ರುಚಿ ಹತ್ತಿತು. ಆ ಹುಡುಗಿಗೆ ನಾನು ಹೇಳಿದ ಊರು ಸಂತೆಬೆನ್ನೂರು. ಅಂದು ಅವಳಿಗೆ ಹೇಳಿದ್ದನ್ನೂ, ಮೊದಲ ಸಲ ಆ ಊರಿಗೆ ಕ್ಯಾಮರಾ ಒಯ್ದಾಗ ನಾನು ಹೇಳದೆ ಬಿಟ್ಟಿದ್ದನ್ನೂ ಈ ಲೇಖನದಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಊರು ಎಲ್ಲಿದೆ?

ದಾವಣಗೆರೆಯಿಂದ ದಕ್ಷಿಣಕ್ಕೆ, ಚನ್ನಗಿರಿಯ ಕಡೆಗೆ ಹೊರಟರೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಸಂತೆಬೆನ್ನೂರು ಸಿಗುತ್ತದೆ. ಸುತ್ತ ಹೊಲ, ಅಡಿಕೆ ತೋಟ. ಊರಿನ ಹೆಸರಿನಲ್ಲೇ ಒಂದು ಸುಳಿವು ಇದೆ. ತುಂಗಭದ್ರೆಯ ಆಚೆಗೆ ರಾಣೆಬೆನ್ನೂರು ಇದೆ, ಈಚೆಗೆ ಸಂತೆಬೆನ್ನೂರು. ಎರಡೂ ಬೆನ್ನೂರೇ. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಜನ ಮುಂದೆ ಒಂದು ಪದ ಸೇರಿಸಿದರು. ಸುತ್ತಲ ಹಳ್ಳಿಗಳವರು ಕೊಳ್ಳಲು, ಮಾರಲು ಬಂದು ಸೇರುತ್ತಿದ್ದ ಜಾಗ ಇದು ಎಂದು "ಸಂತೆ" ಎಂಬ ಆ ಪದವೇ ಸಾರುತ್ತದೆ.

ಈ ಊರಿನ ಬಗ್ಗೆ ಗ್ರಂಥಾಲಯದಲ್ಲಿ ಹುಡುಕುವವರು ಒಂದು ವಿಷಯ ನೆನಪಿಡಬೇಕು. ದಾವಣಗೆರೆ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ದಾವಣಗೆರೆ, ಹರಿಹರಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು; ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಆದ್ದರಿಂದ ಸಂತೆಬೆನ್ನೂರಿನ ಹಳೆಯ ವಿವರಗಳು ಶಿವಮೊಗ್ಗ ಜಿಲ್ಲೆಯ ಗೆಜೆಟಿಯರಿನಲ್ಲಿ ಸಿಗುತ್ತವೆ. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಗ್ರಂಥಮಾಲೆಯಲ್ಲಿ ಚನ್ನಗಿರಿ ತಾಲ್ಲೂಕಿನ ಶಾಸನಗಳು ಏಳನೆಯ ಸಂಪುಟದಲ್ಲಿವೆ. ದಾವಣಗೆರೆ ಎಂಬ ಹೆಸರಿನಡಿ ಹುಡುಕಿದರೆ ಬರಿಗೈಯಲ್ಲಿ ಬರಬೇಕಾದೀತು.

ಹೊಂಡ

ಊರಿನ ಮುಖ್ಯ ಆಕರ್ಷಣೆ ಅಲ್ಲಿನ ಪುಷ್ಕರಣಿ. ಊರವರು ಅದನ್ನು "ಹೊಂಡ" ಎನ್ನುತ್ತಾರೆ, ಹಳೆಯ ಇಂಗ್ಲಿಷ್ ದಾಖಲೆಗಳಲ್ಲೂ ಅದೇ ಪದವಿದೆ. ಹೆಚ್ಚುಕಡಿಮೆ ಚೌಕಾಕಾರದ ವಿಶಾಲವಾದ ಕೊಳ. ನಾಲ್ಕೂ ಕಡೆ ಕೆಳಗಿಳಿಯುವ ಕಲ್ಲಿನ ಮೆಟ್ಟಿಲುಗಳು. ನಡುನೀರಿನಲ್ಲಿ ಒಂದು ದೊಡ್ಡ ಮಂಟಪ. ಅದಕ್ಕೆ ವಸಂತ ಮಂಟಪ ಎಂದು ಹೆಸರು. ಕೊಳದ ಮೂಲೆಗಳಲ್ಲೂ ಬದಿಗಳ ನಡುವೆಯೂ ಚಿಕ್ಕ ಮಂಟಪಗಳನ್ನು ಕಟ್ಟಿದ್ದರು. ಇವುಗಳಲ್ಲಿ ಕೆಲವು ಮಾತ್ರ ಉಳಿದಿವೆ.

ಮೆಟ್ಟಿಲುಗಳು ಏಕೆ ಬೇಕು? ನೀರಿಗೆ ಇಳಿಯಲು ಎಂಬ ಉತ್ತರ ಸರಿ, ಆದರೆ ಪೂರ್ಣವಲ್ಲ. ಆಳವಾಗಿ ಅಗೆದ ಗುಂಡಿಯ ಸುತ್ತಲಿನ ಮಣ್ಣು ಒಳಕ್ಕೆ ಒತ್ತುತ್ತಿರುತ್ತದೆ. ಮಳೆಗಾಲದಲ್ಲಿ ಮಣ್ಣು ನೆನೆದಾಗ ಆ ಒತ್ತಡ ಇನ್ನೂ ಹೆಚ್ಚು. ನೆಟ್ಟಗೆ ಎದ್ದುನಿಂತ ಗೋಡೆಯಾದರೆ ಅಷ್ಟೂ ಒತ್ತಡವನ್ನು ಅದೊಂದೇ ತಡೆಯಬೇಕು. ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಇಳಿಸಿದರೆ ಒತ್ತಡ ಹಂಚಿಹೋಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಬೇಸಿಗೆಯಲ್ಲಿ ನೀರು ಎಷ್ಟೇ ತಗ್ಗಿದರೂ ಕೊಡ ಹಿಡಿದು ಬಂದವರು ನೀರಿನ ಅಂಚಿನವರೆಗೆ ಇಳಿಯಬಹುದು. ಎಷ್ಟು ಮೆಟ್ಟಿಲು ಬಯಲಾಗಿವೆ ಎಂದು ಎಣಿಸಿದರೆ ನೀರು ಎಷ್ಟು ಇಳಿದಿದೆ ಎಂಬ ಅಳತೆಯೂ ಸಿಕ್ಕಿತು.

ಈಗ ಮಂಟಪಗಳನ್ನು ಗಮನಿಸಿ. ಕಮಾನುಗಳು ನಾವು ವಿಜಾಪುರದಲ್ಲಿ ನೋಡುವ ಬಗೆಯವು. ಮೇಲಿನ ಅಂತಸ್ತಂತಸ್ತಾದ ಶಿಖರ ಮಾತ್ರ ನಮ್ಮ ದೇವಾಲಯಗಳದು. ಈ ಎರಡು ಶೈಲಿಗಳು ಒಂದೇ ಕಟ್ಟಡದಲ್ಲಿ ಸೇರಿರುವುದನ್ನು ಹಂಪಿಯ ಕಮಲ ಮಹಲಿನಲ್ಲಿಯೂ ಕಾಣುತ್ತೇವೆ. ವಿಜಯನಗರದ ಅರಸರು ಸುಲ್ತಾನರೊಡನೆ ಯುದ್ಧ ಮಾಡುತ್ತಿದ್ದ ಕಾಲದಲ್ಲೇ ಅವರ ಕಮಾನುಗಳನ್ನು ಮೆಚ್ಚಿ ತಮ್ಮ ಅರಮನೆಯ ಆವರಣದಲ್ಲಿ ಕಟ್ಟಿಸಿಕೊಂಡಿದ್ದರು. ಶಿಲ್ಪಿಗಳ ಕೈಚಳಕಕ್ಕೆ ರಾಜ್ಯದ ಗಡಿ ಅಡ್ಡಬರಲಿಲ್ಲ. ಮುಂದಿನ ಕಥೆಯನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ಕಟ್ಟಿದವರು ಯಾರು?

1565ರಲ್ಲಿ ತಾಳಿಕೋಟೆಯ ಯುದ್ಧ ನಡೆಯಿತು. ವಿಜಯನಗರದ ರಾಜಧಾನಿ ಹಾಳಾಯಿತು. ದಕ್ಷಿಣದ ಅನೇಕ ನಾಯಕರು, ಪಾಳೆಯಗಾರರು ಕ್ರಮೇಣ ತಮ್ಮ ತಮ್ಮ ಸೀಮೆಗಳಲ್ಲಿ ಸ್ವತಂತ್ರರಂತೆ ಆಳತೊಡಗಿದರು. ಕೆಳದಿ–ಇಕ್ಕೇರಿಯ ನಾಯಕರು, ಚಿತ್ರದುರ್ಗದ ನಾಯಕರು ನಿಮಗೆ ಗೊತ್ತು. ಇವರ ನಡುವೆ, ಈಗಿನ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ಇನ್ನೊಂದು ಪಾಳೆಯಗಾರ ಮನೆತನವಿತ್ತು. ಸಂತೆಬೆನ್ನೂರೂ ಅವರ ಆಳ್ವಿಕೆಗೆ ಸೇರಿತ್ತು. ಇದೇ ಮನೆತನ ಮುಂದೆ ತರೀಕೆರೆಯ ಪಾಳೆಯಗಾರರೆಂದು ಹೆಸರಾಯಿತು. ಈ ವಂಶದಲ್ಲಿ ಹನುಮಪ್ಪ ನಾಯಕ ಎಂಬ ಹೆಸರು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಮತ್ತೆ ಬರುತ್ತದೆ. ಹೀಗಾಗಿ ಯಾವ ಹನುಮಪ್ಪ ಎಂಬ ಗೊಂದಲ ಸಹಜ.

ಮೈಸೂರು ಗೆಜೆಟಿಯರಿನ ಪ್ರಕಾರ ಹನುಮಪ್ಪ ನಾಯಕನು ಸಂತೆಬೆನ್ನೂರಿನಲ್ಲಿ ರಂಗನಾಥಸ್ವಾಮಿಯ ದೇವಾಲಯವನ್ನು ಕಟ್ಟಿಸಿದ. ಅದರ ಮುಂದಿನ ಪುಷ್ಕರಣಿಯೂ ಅವನು ಮಾಡಿಸಿದ್ದೇ. ಇಂದು ಹೊಂಡವಿದೆ, ಆ ದೇವಾಲಯವಿಲ್ಲ. ಹೊಂಡದ ಪಕ್ಕದಲ್ಲಿ ಕಮಾನುಗಳುಳ್ಳ ಒಂದು ದೊಡ್ಡ ಕಲ್ಲಿನ ಕಟ್ಟಡ ನಿಂತಿದೆ. ಅದು ಖಾಲಿ. ಅಲ್ಲಿ ಪೂಜೆಯೂ ಇಲ್ಲ, ನಮಾಜೂ ಇಲ್ಲ.

ನಾನು ಬಿಟ್ಟ ಕಥೆ

ಮೊದಲ ಸಲ ನಾವು ಅಲ್ಲಿ ಚಿತ್ರೀಕರಣ ಮಾಡಿದ್ದು ಹತ್ತು ನಿಮಿಷದ ಒಂದು ಕಾರ್ಯಕ್ರಮಕ್ಕೆ. ಬೆಳಗಿನ ಬಿಸಿಲು, ನೀರಿನಲ್ಲಿ ಮಂಟಪದ ನೆರಳು, ಮೆಟ್ಟಿಲ ಮೇಲೆ ಮಕ್ಕಳು. ದೃಶ್ಯಗಳು ಚೆನ್ನಾಗಿ ಬಂದಿದ್ದವು. ಹೊಂಡದ ದಂಡೆಯಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಕೆಲಸವನ್ನು ಬಹಳ ಹೊತ್ತು ನೋಡಿ ಕೊನೆಗೆ ಹೇಳಿದರು: "ಅಲ್ರೀ ಸರ, ಟೀವಿಯೋರು ಬಂದೋರೆಲ್ಲ ನೀರು ತೋರಿಸ್ತೀರಿ. ಆ ಕಟ್ಟಡ ಯಾಕೆ ಖಾಲಿ ಐತಿ ಅಂತ ಯಾರೂ ಹೇಳಂಗಿಲ್ಲಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಗೆಜೆಟಿಯರ್ ಓದಿಕೊಂಡೇ ಹೋಗಿದ್ದೆ. ಸಂಕಲನದ ಮೇಜಿನ ಮುಂದೆ ಕುಳಿತಾಗ ನನಗೆ ಅಳುಕಾಯಿತು. ಮಕ್ಕಳು ನೋಡುವ ಕಾರ್ಯಕ್ರಮ. ಹಳೆಯ ದ್ವೇಷದ ಮಾತು ಏಕೆ ಎಂದುಕೊಂಡೆ. ಆ ಭಾಗವನ್ನು ನಿರೂಪಣೆಯಿಂದ ಕತ್ತರಿಸಿ, "ಇದು ಪ್ರಯಾಣಿಕರು ತಂಗುತ್ತಿದ್ದ ಮುಸಾಫಿರ್ ಖಾನಾ" ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದೆ. ಆ ತೀರ್ಮಾನ ಸರಿಯಾಗಿರಲಿಲ್ಲವೆಂದು ಈಗ ನನಗೆ ಅನಿಸುತ್ತದೆ. ನಾವು ಹೇಳದೆ ಬಿಟ್ಟರೆ ಕಥೆ ಮಾಯವಾಗುವುದಿಲ್ಲ. ಬೇರೆ ಯಾರೋ ಅದನ್ನು ಅರ್ಧ ಮಾತ್ರ ಹೇಳುತ್ತಾರೆ. ಆದ್ದರಿಂದ ಇಲ್ಲಿ ಪೂರ್ತಿ ಹೇಳುತ್ತೇನೆ.

17ನೆಯ ಶತಮಾನದ ಮೊದಲರ್ಧ. ವಿಜಾಪುರದಲ್ಲಿ ಮಹಮ್ಮದ್ ಆದಿಲ್ ಷಾ ಆಳುತ್ತಿದ್ದ. ನೀವು ಪ್ರವಾಸದಲ್ಲಿ ನೋಡುವ ಗೋಲ್ ಗುಂಬಜ್ ಅವನದೇ ಸಮಾಧಿ. 1637ರ ಹೊತ್ತಿಗೆ ಅವನ ಸೇನಾನಿ ರಣದುಲ್ಲಾ ಖಾನ್ ದೊಡ್ಡ ಸೈನ್ಯದೊಡನೆ ಕನ್ನಡ ನಾಡಿನ ದಕ್ಷಿಣ ಭಾಗದ ಮೇಲೆ ದಂಡೆತ್ತಿ ಬಂದ. ಗೆಜೆಟಿಯರ್ ಹೇಳುವಂತೆ, ಸಂತೆಬೆನ್ನೂರು ವಿಜಾಪುರದವರ ವಶವಾದಾಗ ರಂಗನಾಥನ ದೇವಾಲಯವನ್ನು ಕೆಡವಿ ಆ ಜಾಗದಲ್ಲಿ ಮಸೀದಿಯನ್ನು ಕಟ್ಟಲಾಯಿತು. ಪಾಳೆಯಗಾರ ಹನುಮಪ್ಪ ನಾಯಕ ತರೀಕೆರೆಯ ಕಡೆಗೆ ಹಿಂದೆ ಸರಿದ. ಅವನು ಸೇಡನ್ನು ಮರೆಯಲಿಲ್ಲ. ಸಮಯ ನೋಡಿ ಗುಟ್ಟಾಗಿ ಊರನ್ನು ಹೊಕ್ಕು, ಅಲ್ಲಿ ಅಧಿಕಾರ ನಡೆಸುತ್ತಿದ್ದ ಪಟೇ ಖಾನ್ ಎಂಬವನನ್ನು ಕೊಂದು, ಮಸೀದಿಯನ್ನು ಅಪವಿತ್ರಗೊಳಿಸಿದ. ಅಂದಿನಿಂದ ಅಲ್ಲಿ ಪ್ರಾರ್ಥನೆ ನಡೆಯಲಿಲ್ಲ.

ಅಂದರೆ ಒಂದೇ ತುಂಡು ನೆಲದ ಮೇಲೆ ಒಂದರ ಹಿಂದೆ ಒಂದರಂತೆ ಎರಡು ಪೂಜಾಸ್ಥಾನಗಳು ಮನುಷ್ಯರ ಕೈಯಿಂದಲೇ ಕೆಟ್ಟವು. ಉಳಿದದ್ದು ಈ ಖಾಲಿ ಕಟ್ಟಡ.

ಯಾರ ವಿರುದ್ಧ ಯಾರು?

ಒಮ್ಮೆ ಈ ಕಥೆಯನ್ನು ಕಾಲೇಜು ವಿದ್ಯಾರ್ಥಿಗಳ ಗುಂಪಿನ ಮುಂದೆ ಹೇಳಿದಾಗ ಹುಡುಗನೊಬ್ಬ ಎದ್ದು ನಿಂತು, "ಸರ್, ಹಾಗಾದರೆ ನಾವು ಯಾರ ಕಡೆ?" ಎಂದು ಕೇಳಿದ. ಪ್ರಶ್ನೆ ಪ್ರಾಮಾಣಿಕವಾಗಿತ್ತು. ಉತ್ತರಿಸುವ ಮೊದಲು ಆ ಯುದ್ಧದಲ್ಲಿ ಯಾರು ಯಾರ ಕಡೆ ಇದ್ದರು ಎಂದು ನೋಡೋಣ.

ವಿಜಾಪುರದ ಸೈನ್ಯ ಮೊದಲು ಎರಗಿದ್ದು ಇಕ್ಕೇರಿಯ ವೀರಭದ್ರ ನಾಯಕನ ಮೇಲೆ. ಆಗ ಬಸವಾಪಟ್ಟಣದ ಕೆಂಗ ಹನುಮ ನಾಯಕ ಯಾರ ಕಡೆ ಇದ್ದ? ವಿಜಾಪುರದ ಕಡೆ. ಇಕ್ಕೇರಿಯವರ ಮೇಲಿನ ಹಗೆಯಿಂದ ಅವನು ಸುಲ್ತಾನನ ಸೇನಾನಿಯ ಜೊತೆಗೂಡಿದ್ದ. ಮುಂದೆ ಅವನೇ ವಿಜಾಪುರದ ವಿರುದ್ಧ ಬಂಡೆದ್ದ. ಬಸವಾಪಟ್ಟಣದ ಕೋಟೆ ಅವರ ಕೈಸೇರಿತು. ಇಬ್ಬರು ನಾಯಕರ ಮತ ಒಂದೇ ಆಗಿದ್ದರೂ ಅದು ಅವರನ್ನು ಒಟ್ಟುಗೂಡಿಸಲಿಲ್ಲ. ಸುಲ್ತಾನನ ಮತ ಬೇರೆಯಾಗಿದ್ದರೂ ಅದು ಮೈತ್ರಿಗೆ ಅಡ್ಡಿಯಾಗಲಿಲ್ಲ. ನೆಲ, ಕಪ್ಪಕಾಣಿಕೆ, ನೆರೆಯವನ ಮೇಲಿನ ಹಗೆ, ಇವುಗಳೇ ಅಂದಿನ ರಾಜಕೀಯವನ್ನು ನಡೆಸುತ್ತಿದ್ದವು.

ಇನ್ನೂ ಒಂದು ಅಂಶವಿದೆ. ರಣದುಲ್ಲಾ ಖಾನನ ಆ ದಂಡಯಾತ್ರೆಯಲ್ಲಿ ವಿಜಾಪುರದ ಪರವಾಗಿ ಹೋರಾಡಿದ ಪ್ರಮುಖ ಸೇನಾನಿಗಳಲ್ಲಿ ಷಹಾಜಿ ಭೋಂಸ್ಲೆಯೂ ಒಬ್ಬ. ಛತ್ರಪತಿ ಶಿವಾಜಿಯ ತಂದೆ. 1638ರಲ್ಲಿ ಬೆಂಗಳೂರು ವಿಜಾಪುರದ ವಶವಾದಾಗ ಅದು ಅವನ ಆಡಳಿತಕ್ಕೆ ಬಂತು. 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ಅವನು ತೀರಿಕೊಂಡದ್ದು ಎಲ್ಲಿ ಗೊತ್ತೇ? ಇದೇ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಅವನ ಸಮಾಧಿ ಇಂದಿಗೂ ಅಲ್ಲಿದೆ. ಸಂತೆಬೆನ್ನೂರಿನ ಹೊಂಡವನ್ನೂ ಹೊದಿಗೆರೆಯ ಸಮಾಧಿಯನ್ನೂ ಒಂದೇ ದಿನದಲ್ಲಿ ನೋಡಿ ಬಂದರೆ, "ಅವರು" ಮತ್ತು "ನಾವು" ಎಂದು ಅಂದಿನ ಜನರನ್ನು ಎರಡೇ ಗುಂಪು ಮಾಡುವುದು ಎಷ್ಟು ಕಷ್ಟ ಎಂಬುದು ತಿಳಿಯುತ್ತದೆ.

ಹಾಗೆಂದು ದೇವಾಲಯ ಕೆಡವಿದ್ದನ್ನಾಗಲಿ ಮಸೀದಿ ಕೆಡಿಸಿದ್ದನ್ನಾಗಲಿ ಸಣ್ಣದು ಎನ್ನುವಂತಿಲ್ಲ. ಗೆದ್ದವನು ಸೋತವನ ದೇವರ ಮನೆಯನ್ನು ಮುಟ್ಟಿದ್ದು, ತನ್ನ ಗೆಲುವು ಎಲ್ಲರ ಕಣ್ಣಿಗೆ ಬೀಳಲಿ ಎಂದು. ಸೋತವನು ಹಿಂದಿರುಗಿ ಬಂದಾಗ ಅದೇ ರೀತಿಯಲ್ಲಿ ಉತ್ತರ ಕೊಟ್ಟ. ಇದರಿಂದ ಊರವರಿಗೆ ಬಂದ ಲಾಭವೇನು? ರಂಗನಾಥ ಮರಳಲಿಲ್ಲ, ಪಟೇ ಖಾನನ ಮಕ್ಕಳಿಗೆ ತಂದೆ ಸಿಗಲಿಲ್ಲ. ಆ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: "ನಾವು ಹೊಂಡದ ಕಡೆ, ಮಾರಾಯ. ನೀರಿಗೆ ಇಳಿದು ಹತ್ತಿದ ಜನರ ಕಡೆ." ಹುಡುಗರು ನಕ್ಕರು. ಮಾತನ್ನು ನಾನು ತಮಾಷೆಗೆ ಆಡಿರಲಿಲ್ಲ.

ಹೆಸರುಗಳ ವಿಷಯ

ಈಗ ಆ ಕಟ್ಟಡದ ಹೆಸರಿಗೆ ಬರೋಣ. ಹಳೆಯ ಗೆಜೆಟಿಯರ್ ಅದನ್ನು ಮಸೀದಿ ಎಂದಿದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಹೊಂಡದ ಜೊತೆಗೆ "ಮುಸಾಫಿರ್ ಖಾನಾ" ಎಂಬ ಹೆಸರಿದೆ. ಮುಸಾಫಿರ್ ಎಂದರೆ ಪ್ರಯಾಣಿಕ. ಸಂತೆ ಸೇರುವ ಊರಿನಲ್ಲಿ ದಾರಿಹೋಕರು ತಂಗುವ ಸೂರು ಎಂದಾಗ ಕೇಳುವವರಿಗೆ ಹಿತವಾಗಿರುತ್ತದೆ. ಆದರೆ ಈ ಹೆಸರು ಒಂದನ್ನೇ ಹೇಳಿದರೆ, ಕಟ್ಟಡ ಏಕೆ ಖಾಲಿಯಾಯಿತು ಎಂಬ ಪ್ರಶ್ನೆ ಮುಚ್ಚಿಹೋಗುತ್ತದೆ. ನಾನು ಮೊದಲ ಕಾರ್ಯಕ್ರಮದಲ್ಲಿ ಮಾಡಿದ್ದು ಅದನ್ನೇ.

ಇಂಥದ್ದೇ ಇನ್ನೊಂದು ಉದಾಹರಣೆ ಅಲ್ಲಿಂದ ದೂರವೇನಿಲ್ಲ. ಹರಿದ್ರಾ ಎಂಬ ಹೊಳೆಗೆ ಎರಡು ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ವಿಶಾಲವಾದ ಸೂಳೆಕೆರೆ. ಅದರ ತೂಬುಗಳಿಗೆ ಸಿದ್ಧ ಮತ್ತು ಬಸವ ಎಂದು ಹೆಸರು. ಐತಿಹ್ಯದಂತೆ ಈ ಕೆರೆಯನ್ನು ಕಟ್ಟಿಸಿದವಳು ಶಾಂತವ್ವೆ ಎಂಬ ರಾಜಕುಮಾರಿ. ಕೆರೆಗೆ ಬೇಕಾದ ಜಾಗ ವೇಶ್ಯೆಯರದಾಗಿತ್ತು. ಕೆರೆಗೆ ತಮ್ಮ ಹೆಸರು ಉಳಿಯಬೇಕು ಎಂಬ ಕರಾರಿನ ಮೇಲೆ ಅವರು ಬಿಟ್ಟುಕೊಟ್ಟರು ಎನ್ನುತ್ತಾರೆ. ಈಗ ಫಲಕಗಳಲ್ಲಿ "ಶಾಂತಿಸಾಗರ" ಎಂದಿದೆ. ಹೊಸ ಹೆಸರು ಸೊಗಸಾಗಿದೆ. ಹಳೆಯ ಹೆಸರು ಮರೆತರೆ, ಕಥೆ ನಿಜವೋ ಸುಳ್ಳೋ, ಜಾಗ ಬಿಟ್ಟುಕೊಟ್ಟ ಆ ಹೆಂಗಸರ ನೆನಪೂ ಹೋಗುತ್ತದೆ. ಅದೇ ಹರಿದ್ರಾ ಮುಂದೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಎಡಕ್ಕೆ ವಿಷ್ಣು, ಬಲಕ್ಕೆ ಶಿವ ಎಂದು ಒಂದೇ ವಿಗ್ರಹದಲ್ಲಿ ಇಬ್ಬರನ್ನೂ ಪೂಜಿಸುವ ಹರಿಹರೇಶ್ವರ ದೇವಾಲಯ ಆ ಊರಿನಲ್ಲಿದೆ. ಹೊಯ್ಸಳರ ದಂಡನಾಯಕ ಪೋಲಾಳ್ವ ಅದನ್ನು 1224ರ ಸುಮಾರಿನಲ್ಲಿ ಕಟ್ಟಿಸಿದ.

ಗಾಯಗೊಂಡ ಕಟ್ಟಡಗಳನ್ನು ಏನು ಮಾಡಬೇಕೆಂಬುದು ನಮ್ಮೊಬ್ಬರ ಪ್ರಶ್ನೆಯಲ್ಲ. ಜರ್ಮನಿಯ ಬರ್ಲಿನ್ ನಗರದಲ್ಲಿ ಕೈಸರ್ ವಿಲ್ಹೆಲ್ಮ್ ಸ್ಮಾರಕ ಚರ್ಚ್ 1943ರ ಬಾಂಬ್ ದಾಳಿಯಲ್ಲಿ ಹಾಳಾಯಿತು. ಅದರ ಮುರಿದ ಗೋಪುರವನ್ನು ಕೆಡವದೆ, ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಹೊಸ ಚರ್ಚ್ ಕಟ್ಟಿದರು. ಡ್ರೆಸ್ಡೆನ್ ನಗರದವರು 1945ರಲ್ಲಿ ಕುಸಿದ ಫ್ರೌವೆನ್‌ಕಿರ್ಖೆಯನ್ನು ಹಳೆಯ ಕಲ್ಲುಗಳನ್ನೂ ಬಳಸಿ ಮತ್ತೆ ಕಟ್ಟಿ, 2005ರಲ್ಲಿ ತೆರೆದರು. ದಾರಿಗಳು ಬೇರೆ ಬೇರೆಯಾದರೂ ಎರಡೂ ಕಡೆ ನಡೆದದ್ದನ್ನು ಅಲ್ಲಿಗೆ ಬರುವ ಮಕ್ಕಳಿಗೆ ಮುಚ್ಚಿಡುವುದಿಲ್ಲ.

ಮುಂದೇನಾಯಿತು?

ಸಂತೆಬೆನ್ನೂರನ್ನು ಕಳೆದುಕೊಂಡ ಪಾಳೆಯಗಾರ ಮನೆತನ ತರೀಕೆರೆಯಲ್ಲಿ ನೆಲೆಯೂರಿತು. ಸುಮಾರು ಇನ್ನೂರು ವರ್ಷಗಳ ನಂತರ, 1830ರಲ್ಲಿ ಮೈಸೂರು ರಾಜ್ಯದ ನಗರ ಪ್ರಾಂತ್ಯದಲ್ಲಿ ರೈತರ ದಂಗೆ ಎದ್ದಾಗ ಈ ವಂಶದ ಸರ್ಜಾ ಹನುಮಪ್ಪ ನಾಯಕ ಅದರಲ್ಲಿ ಸೇರಿಕೊಂಡ. ಆ ದಂಗೆಯ ಕಾರಣ ಮುಂದೊಡ್ಡಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. 1834ರಲ್ಲಿ ಸರ್ಜಾ ಹನುಮಪ್ಪ ನಾಯಕನನ್ನು ಗಲ್ಲಿಗೇರಿಸಲಾಯಿತು. ಒಂದು ಸಣ್ಣ ಊರಿನ ಹೊಂಡದಿಂದ ಹಿಡಿದ ಎಳೆ ಇಡೀ ರಾಜ್ಯದ ಇತಿಹಾಸಕ್ಕೆ ಹೀಗೆ ಹೋಗಿ ಸೇರುತ್ತದೆ.

ನೀವು ಏನು ಮಾಡಬಹುದು?

ಹೊಂಡ ಮತ್ತು ಮುಸಾಫಿರ್ ಖಾನಾ ಎರಡೂ ಕೇಂದ್ರ ಸರ್ಕಾರದ ಸಂರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯಿದೆಯ ಪ್ರಕಾರ ಇಂಥ ಸ್ಮಾರಕಗಳಿಗೆ ಹಾನಿ ಮಾಡುವುದು ಶಿಕ್ಷಾರ್ಹ ಅಪರಾಧ. 2010ರ ತಿದ್ದುಪಡಿಯ ನಂತರ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಆದರೆ ಕಲ್ಲಿನ ಮೇಲೆ ಹೆಸರು ಕೆತ್ತುವ ಕೈಯನ್ನು ಕಾಯಿದೆಗಿಂತ ಮೊದಲು ತಡೆಯಬೇಕಾದವರು ಪಕ್ಕದಲ್ಲಿರುವ ಸ್ನೇಹಿತರು.

ಶಾಲೆ, ಕಾಲೇಜಿನಿಂದ ಹೋಗುವವರು ಮೂರು ಕೆಲಸ ಮಾಡಿ. ಒಂದು, ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತವೆ ಎಂದು ಎಣಿಸಿ ದಿನಾಂಕದೊಡನೆ ಬರೆದಿಡಿ. ಬೇರೆ ಋತುವಿನಲ್ಲಿ ಹೋದವರು ಮತ್ತೆ ಎಣಿಸಲಿ. ಕೆಲವು ವರ್ಷಗಳಲ್ಲಿ ಅದು ಒಳ್ಳೆಯ ದಾಖಲೆಯಾಗುತ್ತದೆ. ಎರಡು, ಮಂಟಪಗಳ ಕಮಾನು, ಶಿಖರಗಳ ಚಿತ್ರ ಬರೆದು, ಯಾವುದು ಯಾವ ಶೈಲಿ ಎಂದು ಗುರುತಿಸಿ. ಮೂರು, ಊರಿನ ಹಿರಿಯರನ್ನು ಖಾಲಿ ಕಟ್ಟಡದ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ಗೆಜೆಟಿಯರಿನ ಜೊತೆ ಹೋಲಿಸಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಗುರುತು ಹಾಕಿ. ಗೆಜೆಟಿಯರ್ ಕೂಡ ಘಟನೆ ನಡೆದು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಬರೆದದ್ದು ಎಂಬುದನ್ನು ಮರೆಯಬೇಡಿ. ಅದನ್ನೂ ಪ್ರಶ್ನಿಸುವ ಹಕ್ಕು ನಿಮಗಿದೆ.

ನಮ್ಮ ಪಕ್ಕದ ಮನೆಯ ಹುಡುಗಿ ಮುಂದಿನ ಭಾನುವಾರವೇ ತಂದೆಯ ಜೊತೆ ಸಂತೆಬೆನ್ನೂರಿಗೆ ಹೋಗಿಬಂದಳು. ನೋಟ್‌ಬುಕ್ ತಂದು ತೋರಿಸಿದಳು. ಹೊಂಡದ ಚಿತ್ರದ ಕೆಳಗೆ ಖಾಲಿ ಕಟ್ಟಡದ ಚಿತ್ರವನ್ನೂ ಬರೆದಿದ್ದಳು. ಅದರ ಅಡಿಯಲ್ಲಿ ಹೆಸರು ಬರೆಯುವ ಜಾಗದಲ್ಲಿ ಪೆನ್ಸಿಲ್ಲಿನಿಂದ ಎರಡು ಹೆಸರುಗಳಿದ್ದವು: ಮಸೀದಿ, ಮುಸಾಫಿರ್ ಖಾನಾ. "ಯಾವುದನ್ನ ಅಳಿಸಲಿ, ಅಂಕಲ್?" ಎಂದು ಕೇಳಿದಳು.

"ಎರಡನ್ನೂ ಇಟ್ಕೋಮ್ಮಾ. ಅದರ ಮುಂಚೆ ಅಲ್ಲಿ ರಂಗನಾಥನ ಗುಡಿ ಇತ್ತಂತೆ ಅನ್ನೋದನ್ನೂ ಸೇರಿಸು" ಎಂದೆ.